ಹಗ್ಗ ಎಳೆದರೆ ಕೂರುವ ಗಾಜು

2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರನ್ನು ನೀವು ನೋಡಿರಬಹುದು. ಅದರ ಮುಂದಿನ ಗಾಜನ್ನು ಹಿಡಿದು ನಿಲ್ಲಿಸಿದ್ದು ಯಾವುದು, ಗೊತ್ತುಂಟಾ? ಸುತ್ತಲಿನ ರಬ್ಬರ್ ಪಟ್ಟಿ. ಅದಕ್ಕೆ ಎರಡು ಸೀಳು: ಒಂದರಲ್ಲಿ ಗಾಜು, ಇನ್ನೊಂದರಲ್ಲಿ ಬಾಡಿಯ ತಗಡಿನ ಅಂಚು.

ಮೊದಲು ಗಾಜಿಗೆ ರಬ್ಬರ್ ಸುತ್ತುತ್ತಾರೆ. ತಗಡಿನ ಸೀಳಿನೊಳಗೆ ಸಪೂರ ನೈಲಾನ್ ಹಗ್ಗ ಕೂರಿಸಿ, ಅದರ ತುದಿಗಳನ್ನು ಕಾರಿನೊಳಗೆ ಬಿಡುತ್ತಾರೆ. ಹೊರಗಿನಿಂದ ಒಬ್ಬರು ಅಂಗೈಯಲ್ಲಿ ಒತ್ತಬೇಕು, ಒಳಗಿನಿಂದ ಇನ್ನೊಬ್ಬರು ಹಗ್ಗ ಎಳೆಯಬೇಕು. ಹಗ್ಗ ಬಂದ ಹಾಗೆ ರಬ್ಬರಿನ ತುಟಿ ಅಂಚನ್ನು ದಾಟಿ ಒಳಗೆ ಮಗುಚುತ್ತದೆ. ಇಡೀ ಸುತ್ತನ್ನು ಒಮ್ಮೆಲೇ ದಾಟಿಸುವ ಬಲ ಬೇಡ, ಒಂದೊಂದೇ ಅಂಗುಲ ಸಾಕು.

ಘರ್ಷಣೆ ಕಡಿಮೆಯಾಗಲು ಸಾಬೂನು ನೀರು ಹಚ್ಚುತ್ತಾರೆ. ಗ್ರೀಸು ಯಾಕಾಗದು? ಪೆಟ್ರೋಲಿಯಂ ಎಣ್ಣೆ ತಾಗಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗ್ತದೆ.

ನಮ್ಮ ಕಾಸರಗೋಡಿನ ಒಂದು ಗ್ಯಾರೇಜಿನಲ್ಲಿ ಗಾಜು ಸಲೀಸಾಗಿ ಕೂತಿತ್ತು. ಮರುದಿನ ನೋಡಿದರೆ ಮೂಲೆಯಿಂದ ಬಿರುಕು! ಬಿಚ್ಚಿದಾಗ ಅಲ್ಲಿ ತಗಡಿನ ಅಂಚಿನಲ್ಲಿ ತುಕ್ಕಿನ ಗಂಟು. ಕಡಲಗಾಳಿಯ ಉಪ್ಪು, ಮಳೆನೀರು ಎರಡೂ ಸೇರುವುದು ಆ ಮೂಲೆಯಲ್ಲೇ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಬಲ ಅಷ್ಟೇ ಇದ್ದು ತಾಗುವ ಜಾಗ ಕಿರಿದಾದರೆ ಒತ್ತಡ ಏನಾಗುತ್ತದೆ? ನೀವೇ ಹೇಳಿ. ಗಾಜು ಅದುಮುವುದನ್ನು ತಾಳಿಕೊಳ್ಳುತ್ತದೆ. ಆದರೆ ಬಾಗಿಸಿದರೆ ಅದರ ಒಂದು ಮೈ ಎಳೆತಕ್ಕೆ ಸಿಗುತ್ತದೆ, ಅದನ್ನು ತಾಳದು.

ಎರಡನೇ ಸಲ ತುಕ್ಕು ಪೂರ್ತಿ ಉಜ್ಜಿ, ಪ್ರೈಮರ್ ಬಳಿದು, ಒಣಗಿದ ಮೇಲೆಯೇ ಗಾಜು ಹಾಕಿದರು. ಆಮೇಲೆ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟು, ಒಳಗೆ ಅಂಚಿನುದ್ದಕ್ಕೂ ಹಳೇ ಪೇಪರ್ ಒತ್ತಿ ನೋಡಿದೆವು. ಪೇಪರ್ ಒಣಗಿಯೇ ಇತ್ತು.