ಕೊಬ್ಬರಿ ತುಟ್ಟಿಯಾದರೂ ಪಂಚಮಿ ಬಿಡಬೇಡಿ

ಮಕ್ಕಳೇ,

ಶ್ರಾವಣ ಹತ್ತಿರ ಬಂತೆಂದರೆ ನಿಮ್ಮ ಫೋನು ಶುರುವಾಗುತ್ತದೆ. ಬೆಂಗಳೂರಿನಿಂದ ಒಬ್ಬಳು, ಪುಣೆಯಿಂದ ಒಬ್ಬಳು, ರಾಣೆಬೆನ್ನೂರಿನ ಹೊಸ ಸಂಸಾರದಿಂದ ಇನ್ನೊಬ್ಬಳು. "ಅಜ್ಜಿ, ಕೊಬ್ಬರಿ ಈ ರೇಟಿಗೆ ಹೆಂಗ ತರೂದು?" "ಅಜ್ಜಿ, ಜೋಳದ ಅಳ್ಳು ಎಲ್ಲೂ ಸಿಗವಲ್ದು, ಈ ಸಲ ಅಳ್ಳಿಟ್ಟು ಬಿಟ್ಟುಬಿಡ್ಲೇನು?" ಒಬ್ಬೊಬ್ಬರಿಗೆ ಬೇರೆಬೇರೆ ಹೇಳುವುದಕ್ಕಿಂತ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಗಂಡುಮಕ್ಕಳೂ ಓದಿ. ಉಂಡಿ ತಿನ್ನುವವರು ಉಂಡಿಯ ಚಿಂತೆಯಲ್ಲೂ ಪಾಲು ತಗೋಬೇಕು.

ಪಂಚಮಿ ಬರುವುದೇ ಮನೆಯ ಕಾಳು ತಳ ಕಾಣುವ ಕಾಲಕ್ಕೆ. ಮುಂಗಾರಿನ ಪೈರು ಇನ್ನೂ ಹೊಲದಲ್ಲಿರುತ್ತದೆ, ಹಿಂಗಾರಿನ ಜೋಳ, ಕಡಲೆ ಮುಗಿಯುತ್ತಾ ಬಂದಿರುತ್ತವೆ. ಅದಕ್ಕೇ ಈ ಹಬ್ಬದ ಅಡಿಗೆಯೆಲ್ಲ ಬಾಳಿಕೆ ಬರುವ ಒಣ ಸಾಮಾನಿನದು: ಶೇಂಗಾ, ಎಳ್ಳು, ಪುಟಾಣಿ, ಬೆಲ್ಲ, ಒಣಕೊಬ್ಬರಿ, ಅಳ್ಳು. ಮೇಲಾಗಿ ನಾಗಪ್ಪನಿಗೆ ಹಾಲೆರೆಯುವ ದಿನ ಹೆಚ್ಚುವುದು, ಹುರಿಯುವುದು, ಕರಿಯುವುದು ಬಹಳ ಮನೆಗಳಲ್ಲಿ ಇಲ್ಲ. ಉಂಡಿಗಳು ರೊಟ್ಟಿ ಪಂಚಮಿಗೂ ಮುಂಚೆಯೇ ಡಬ್ಬಿ ಸೇರಬೇಕು. ಹಾಗಾಗಿ ಊರಿಗೆ ಊರೇ ಅದೇ ನಾಲ್ಕು ದಿನ, ಅದೇ ಸಾಮಾನಿಗೆ, ಅದೇ ಅಂಗಡಿಗಳ ಮುಂದೆ ನಿಲ್ಲುತ್ತದೆ. ಸಂತೆಯಲ್ಲಿ ಸಾಮಾನು ಸಾಲದೆ ಹೋಗಲು ಈ ನೂಕುನುಗ್ಗಲೂ ಒಂದು ಕಾರಣ. ಬೆಲ್ಲ, ಶೇಂಗಾ, ಎಳ್ಳನ್ನು ತಿಂಗಳ ಮುಂಚಿನಿಂದ ಸ್ವಲ್ಪ ಸ್ವಲ್ಪವೇ ತಂದಿಡಿ. ಕೊಬ್ಬರಿ ಮಾತ್ರ ಮಳೆಗಾಲದ ತಂಪಿಗೆ ಬೇಗ ಬೂಷ್ಟು ಹಿಡಿಯುತ್ತದೆ. ಬಿಸಿಲು ಬಿದ್ದ ದಿನ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ.

2025ರ ಪಂಚಮಿ ನಿಮಗೆ ನೆನಪಿರಬೇಕು, ಜುಲೈ 29ಕ್ಕೆ ಬಿದ್ದಿತ್ತು. ಆ ವರ್ಷ ಉಂಡೆ ಕೊಬ್ಬರಿಗೆ ಸರ್ಕಾರ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ತಿಪಟೂರು ಮಾರುಕಟ್ಟೆಯಲ್ಲಿ ದರ ಅದರ ದುಪ್ಪಟ್ಟನ್ನೂ ದಾಟಿತು. ಹಿಂದಿನ ಬರ, ಸುಡುಬಿಸಿಲು, ಬಿಳಿನೊಣದ ಕಾಟ ಸೇರಿ ತೆಂಗಿನ ಇಳುವರಿ ಕುಗ್ಗಿತ್ತು. ಮೇಲಾಗಿ ಎಳನೀರಿಗೆ ಹೋದ ಕಾಯಿ ಕೊಬ್ಬರಿಯಾಗುವುದಿಲ್ಲವಲ್ಲ. ಬಟ್ಟಲಿಗೆ ತೂತು ಕೊರೆದು ದಾರ ಪೋಣಿಸಿ ತಿರುಗಿಸುವ ಹುಡುಗರ ಆಟಕ್ಕೂ ಕೊಬ್ಬರಿ ತುಟ್ಟಿಯಾಯಿತು.

ಹಾಗಂತ ಯಾರನ್ನೂ ಶಪಿಸಬೇಡಿ. 2024ರ ಮಾರ್ಚ್‌ನಲ್ಲಿ ನಮ್ಮ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರ ಸಿಟ್ಟು ಬೆಂಕಿಯಾಗಿ ಹೊತ್ತಿದ್ದನ್ನು ನಾವೇ ಕಂಡಿದ್ದೇವೆ. ಬೆಳೆದವನಿಗೆ ಬೆಲೆ ಸಿಗದಿದ್ದರೆ ಆ ಮನೆಯಲ್ಲಿ ಹಬ್ಬವೇ ಇಲ್ಲ. ತಿಪಟೂರಿನ ತೋಟದವನಿಗೆ ಒಂದು ವರ್ಷ ನಾಲ್ಕು ಕಾಸು ಉಳಿದರೆ, ನಾವು ಒಂದು ಬಟ್ಟಲು ಕಡಿಮೆ ಕೊಂಡರಾಯಿತು.

ಕಡಿಮೆ ಕೊಳ್ಳಬೇಕಾದರೆ ಪ್ರತಿ ಪದಾರ್ಥ ಉಂಡಿಯಲ್ಲಿ ಏನು ಕೆಲಸ ಮಾಡುತ್ತದೆಂದು ಗೊತ್ತಿರಬೇಕು. ಕೊಬ್ಬರಿ ಕೊಡುವುದು ಜಿಡ್ಡು ಮತ್ತು ಪರಿಮಳ. ಒಣಕೊಬ್ಬರಿಯಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಎಣ್ಣೆ. ಶೇಂಗಾ, ಎಳ್ಳಿನಲ್ಲಿ ಹೆಚ್ಚುಕಡಿಮೆ ಅರ್ಧ. ಹಾಗಾಗಿ ಶೇಂಗಾ ಉಂಡಿಗೆ, ಎಳ್ಳಿನ ಚಿಗಳಿಗೆ ಕೊಬ್ಬರಿಯ ಹಂಗಿಲ್ಲ. ಕುಟ್ಟುವಾಗ ಅವುಗಳ ಎಣ್ಣೆಯೇ ಬೆಲ್ಲದ ಜೊತೆ ಸೇರಿ ಕೈಗೆ ಉಂಡಿ ಕಟ್ಟುತ್ತದೆ. ರವೆ ಉಂಡಿಗೆ, ಕರ್ಚಿಕಾಯಿಗೆ ಮಾತ್ರ ಕೊಬ್ಬರಿಯ ಪರಿಮಳ ಬೇಕೇ ಬೇಕು. ಇರುವ ಒಂದು ಬಟ್ಟಲನ್ನು ಅಲ್ಲಿಗೆ ಮೀಸಲಿಡಿ. ಸಣ್ಣಗೆ ತುರಿದು, ಸಣ್ಣ ಉರಿಯಲ್ಲಿ ಬಣ್ಣ ತಿರುಗದಂತೆ ಬೆಚ್ಚಗೆ ಮಾಡಿ, ಕಡೆಗೆ ಬೆರೆಸಿ. ಅರ್ಧ ಬಟ್ಟಲಿನ ವಾಸನೆ ಇಡೀ ಡಬ್ಬಿಗೆ ಸಾಕಾಗುತ್ತದೆ.

ಅಳ್ಳಿನ ಕಥೆ ಬೇರೆ. ಕೊಬ್ಬರಿಯ ದರ ಏರುತ್ತದೆ, ಇಳಿಯುತ್ತದೆ. ಅಳ್ಳಿನ ಜೋಳ ಮಾತ್ರ ನಮ್ಮ ಕಣ್ಣೆದುರಿಗೇ ಹೊಲ ಬಿಟ್ಟು ಹೋಗುತ್ತಿದೆ. ಅದು ಬೇರೆಯೇ ತಳಿ. ಕಾಳು ಸಣ್ಣದು, ತಿರುಳು ಗಟ್ಟಿ. ಕಾದ ಮರಳಿಗೆ ಬಿದ್ದಾಗ ಒಳಗಿನ ತೇವ ಆವಿಯಾಗಿ, ಹೊರಗಿನ ಸಿಪ್ಪೆ ತಡೆದು ತಡೆದು, ಆ ಗಟ್ಟಿ ತಿರುಳು ಒಮ್ಮೆಲೇ ಸಿಡಿದು ಬೆಳ್ಳಗೆ ಅರಳುತ್ತದೆ. ರೊಟ್ಟಿಗೆ ಒಳ್ಳೆಯದಾದ ಜೋಳವೆಲ್ಲ ಅಳ್ಳಿಗೂ ಒದಗುತ್ತದೆಂದು ತಿಳಿಯಬೇಡಿ. ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ರಸ್ತೆಯ ಎರಡೂ ಕಡೆ ಈಗ ಕಾಣುವುದು ಗೋವಿನಜೋಳ. 2002ರ ನಂತರ ಬಿಟಿ ಹತ್ತಿಯೂ ಬಂತು. ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುವ ಆ ಗೋವಿನಜೋಳವನ್ನು ಹುರಿದರೆ ಅಳ್ಳಾಗುವುದಿಲ್ಲ. ಕಣ್ಣಳತೆಯವರೆಗೂ ಜೋಳದ ಹೆಸರಿನ ಬೆಳೆ ನಿಂತಿದ್ದರೂ ಪಂಚಮಿಗೆ ಒಂದು ಸೇರು ಅಳ್ಳಿಗೆ ಪರದಾಡುತ್ತೇವೆ.

ಸ್ವಲ್ಪ ಜೋಳ ಸಿಕ್ಕಿದರೂ ಮನೆಯಲ್ಲೇ ಹುರಿಯಬಹುದು. ನೀರು ಚಿಮುಕಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೆರಳಲ್ಲಿ ಹರಡಿ, ಮೇಲಿನ ಹಸಿ ಆರಿದ ಮೇಲೆ ದಪ್ಪ ತಳದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಂದೊಂದೇ ಹಿಡಿ ಹಾಕಿ, ಬಟ್ಟೆಯ ಉಂಡೆಯಿಂದ ಒತ್ತಿ ಆಡಿಸಿ. ಅರಳದ ಕಾಳನ್ನು ಜರಡಿ ಹಿಡಿದು ತೆಗೆಯಿರಿ. ಉಳಿದದ್ದನ್ನು ಬೀಸಿ, ಬೆಲ್ಲ, ತುಪ್ಪ, ಏಲಕ್ಕಿ ಹಾಕಿದರೆ ಅಳ್ಳಿಟ್ಟು. ಜೋಳವೇ ಸಿಗದಿದ್ದರೆ ಭತ್ತದ ಅಳ್ಳು, ರಾಜಗಿರಿ ಅಳ್ಳು ಆದೀತು. ಅದೂ ಇಲ್ಲವೆಂದರೆ ಗೋಧಿ ಹುರಿದು ಪುಟಾಣಿ ಸೇರಿಸಿ ಬೀಸಿದ ತಂಬಿಟ್ಟು ಮಾಡಿ. ನಾಗಪ್ಪನ ಮುಂದೆ ಇಡುವುದಕ್ಕೆ ಇವುಗಳಲ್ಲಿ ಯಾವುದೂ ಕಡಿಮೆಯಲ್ಲ.

ಸಾಮಾನು ಕಡಿಮೆ ಇದೆ ಎಂದಾಗ ಮಾಡಬಾರದ ಕೆಲಸ ಒಂದಿದೆ: ಬೇಕಾದದ್ದಕ್ಕಿಂತ ಹೆಚ್ಚು ತಂದು ತುಂಬಿಡುವುದು. 2020ರ ಯುಗಾದಿ ಮಾರ್ಚ್ 25ಕ್ಕೆ ಬಂತು, ದೇಶಕ್ಕೆ ದೇಶವೇ ಬಾಗಿಲು ಹಾಕಿದ ಮೊದಲ ದಿನವೂ ಅದೇ. ಅಂಥ ಹೊತ್ತಿನಲ್ಲಿ ಅಂಗಡಿಗೆ ಮೊದಲು ಹೋದವನು ನಾಲ್ಕು ಕಿಲೋ ಬೇಳೆ, ನಾಲ್ಕು ಕಿಲೋ ಬೆಲ್ಲ ಹೊತ್ತು ತಂದರೆ, ದಿನಗೂಲಿ ಎಣಿಸಿಕೊಂಡು ಸಂಜೆ ಬಂದವಳಿಗೆ ಒಂದು ಪಾವೂ ಉಳಿಯುವುದಿಲ್ಲ. ಬ್ಯಾಡಗಿಯಲ್ಲಿ ದಿನವಿಡೀ ಘಾಟಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೂ ಪಂಚಮಿ ಇದೆ, ಅವರ ಮನೆಗೂ ಮಗಳು ತವರಿಗೆ ಬರುತ್ತಾಳೆ. ನಿಮಗೆ ಬೇಕಾದಷ್ಟೇ ತಗೊಳ್ಳಿ.

ರೊಟ್ಟಿ ಪಂಚಮಿಯ ದಿನ ಮನೆಯಿಂದ ಮನೆಗೆ ರೊಟ್ಟಿ, ಪಲ್ಯ, ಚಟ್ನಿ ಹಂಚುವ ಪದ್ಧತಿ ನಮ್ಮದು. ಉಂಡಿಗೂ ಅದನ್ನೇ ಮಾಡಿ. ಐದು ಮನೆಯವರು ಐದೈದು ನಮೂನೆ ಕಟ್ಟುವ ಬದಲು ಒಬ್ಬರು ಶೇಂಗಾ, ಒಬ್ಬರು ಎಳ್ಳು, ಒಬ್ಬರು ಗುಳ್ಳಡಕಿ, ಒಬ್ಬರು ಬೇಸನ್, ಒಬ್ಬರು ರವೆ ಎಂದು ಹಂಚಿಕೊಳ್ಳಿ. ಸಾಮಾನು ಉಳಿಯುತ್ತದೆ, ಖರ್ಚು ಇಳಿಯುತ್ತದೆ, ಎಲ್ಲರ ಡಬ್ಬಿಯಲ್ಲೂ ಐದು ನಮೂನೆ ಇರುತ್ತದೆ.

ಹೊಲ ಇರುವವರಿಗೆ ಇನ್ನೊಂದು ಮಾತು. ಗೋವಿನಜೋಳ ಬಿಡಿ ಎಂದು ನಾನು ಹೇಳುವುದಿಲ್ಲ, ಸಂಸಾರ ನಡೆಯುವುದು ಅದರಿಂದಲೇ. ಆದರೆ ಬದುವಿನ ಪಕ್ಕ ನಾಲ್ಕು ಸಾಲು ಅಳ್ಳಿನ ಜೋಳ ಹಾಕಿ. ಬೀಜ ಊರಿನ ಹಿರಿಯರಲ್ಲಿ ಕೇಳಿ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಧಾರವಾಡದ ಕೃಷಿ ಮೇಳಕ್ಕೆ ಹೋದಾಗ ಹುಡುಕಿ. ಸಿಕ್ಕ ಬೀಜದಲ್ಲಿ ಅರ್ಧ ಬಿತ್ತಿ, ಅರ್ಧ ಇನ್ನೊಂದು ಮನೆಗೆ ಕೊಡಿ. ಒಂದೇ ಮನೆಯಲ್ಲಿ ಉಳಿದ ಬೀಜ ಒಂದೇ ಬರಕ್ಕೆ ಕಳೆದುಹೋದೀತು.

ಕೊರತೆ ಇನ್ನೂ ಬರುತ್ತದೆ. ಒಂದು ವರ್ಷ ಕೊಬ್ಬರಿ, ಇನ್ನೊಂದು ವರ್ಷ ಎಳ್ಳು ಆಗಬಹುದು. ಅದು ಸಿಗಲಿಲ್ಲ, ಇದು ತುಟ್ಟಿಯಾಯಿತು ಎಂದು ತವರಿಗೆ ಬರುವುದನ್ನು ಮಾತ್ರ ತಪ್ಪಿಸಬೇಡಿ. ಬರಿಗೈಯಲ್ಲೇ ಬನ್ನಿ. ಮನೆಯಲ್ಲಿ ಏನಿದೆಯೋ ಅದರಿಂದಲೇ ಕೂಡಿ ಉಂಡಿ ಕಟ್ಟೋಣ.