ಬೆವರುವ ಗೋಡೆ

ಆಷಾಢದ ಮಳೆ ಹಿಡಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಚರ್ಮದ ಚೀಲ, ಹಳೆಯ ಪುಸ್ತಕ, ಮೂಲೆಯ ಗೋಡೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಅಲ್ಲಿಯವರು ಅದನ್ನು ಒರೆಸಿಹಾಕಿ ಬಿಸಿಲಿಗಾಗಿ ಕಾಯುತ್ತಾರೆ. ಆದರೆ ಇಂಗ್ಲೆಂಡಿನಂತಹ ಶೀತದೇಶಗಳಲ್ಲಿ ಹೊರಗೆ ಒಂದು ಹನಿ ಮಳೆ ಬೀಳದಿದ್ದರೂ, ಛಾವಣಿ ಎಲ್ಲಿಯೂ ಸೋರದಿದ್ದರೂ, ಬೆಚ್ಚಗಿನ ಕೋಣೆಯ ಗೋಡೆಯು ಒಳಮುಖದಲ್ಲಿಯೇ ಬೆವರಿ ಕಪ್ಪಾಗುವುದುಂಟು. ಹಾವು, ಓತಿ, ಆಮೆಗಳನ್ನು ಸಾಕಿರುವ ಕೋಣೆಗಳಲ್ಲಿ ಈ ತೊಂದರೆ ಮತ್ತಷ್ಟು ಹೆಚ್ಚು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಲ್ಲಿಯ ಹೆಬ್ಬಾವನ್ನಾಗಲಿ ನಕ್ಷತ್ರ ಆಮೆಯನ್ನಾಗಲಿ ಹಿಡಿದು ತಂದು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಇಂಗ್ಲೆಂಡಿನಲ್ಲಿಯಾದರೋ ಪರದೇಶದ ಸರೀಸೃಪಗಳನ್ನು ಸಾಕುವ ಹವ್ಯಾಸ ಬೇರೂರಿದೆ. ಅವುಗಳಲ್ಲಿ ರಾಯಲ್ ಪೈಥಾನ್ ಎಂಬ ಚಿಕ್ಕ ಹೆಬ್ಬಾವು ಬಹು ಜನಪ್ರಿಯವಾದುದು. ಇದರ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕ. ಹೆದರಿದಾಗ ಇದು ತಲೆಯನ್ನು ನಡುವೆ ಹುದುಗಿಸಿಕೊಂಡು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅಮೆರಿಕದವರು ಇದನ್ನು ಚೆಂಡು ಹೆಬ್ಬಾವೆಂದೇ ಕರೆಯುತ್ತಾರೆ.

ಈ ಪ್ರಾಣಿಗೆ ತನ್ನ ಮೈಯ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳುವ ಶಕ್ತಿ ಸಾಲದು. ಸುತ್ತಲಿನ ಗಾಳಿ ಬೆಚ್ಚಗಿರಬೇಕು. ಗಾಳಿಯಲ್ಲಿ ತೇವವೂ ಇರಬೇಕು. ತೇವ ಸಾಲದೆ ಹೋದರೆ ಪೊರೆ ಬಿಡುವ ಕಾಲದಲ್ಲಿ ಹಳೆಯ ಚರ್ಮವು ಒಂದೇ ಚೀಲದಂತೆ ಕಳಚದೆ ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ. ಹಾವಿಗೆ ರೆಪ್ಪೆಗಳಿಲ್ಲ; ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ ಇರುತ್ತದೆ. ಅದೂ ಪೊರೆಯೊಡನೆ ಕಳಚಬೇಕಾದುದು. ಕಳಚದೆ ಉಳಿದರೆ ಕಣ್ಣಿಗೇ ಅಪಾಯ. ಆದುದರಿಂದ ಸಾಕುವವರು ಹಾವಿನ ಗೂಡಿಗೆ ನೀರು ಚಿಮುಕಿಸುತ್ತಾರೆ, ದೊಡ್ಡ ಬೋಗುಣಿಯಲ್ಲಿ ನೀರಿಡುತ್ತಾರೆ. ಆ ನೀರೆಲ್ಲ ಆವಿಯಾಗಿ ಕೊನೆಗೆ ಕೋಣೆಯನ್ನೇ ಸೇರುತ್ತದೆ.

ಅಲ್ಲಿಂದ ಮುಂದೆ ನಡೆಯುವುದು ಭೌತಶಾಸ್ತ್ರದ ವ್ಯವಹಾರ. 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲುದು. 10 ಡಿಗ್ರಿಯ ಗಾಳಿಗೆ 9 ಗ್ರಾಂ ಚಿಲ್ಲರೆಗಿಂತ ಹೆಚ್ಚು ಸಾಧ್ಯವಿಲ್ಲ. ಕೋಣೆಯ ಉಷ್ಣತೆ 25 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 60 ಎಂದಿಟ್ಟುಕೊಂಡರೆ ಪ್ರತಿ ಘನಮೀಟರಿನಲ್ಲಿ ಸುಮಾರು 14 ಗ್ರಾಂ ಆವಿ ಇದ್ದಂತಾಯಿತು. ಹೊರಗಿನ ಚಳಿಯಿಂದ ತಣ್ಣಗಾದ ಗೋಡೆಯನ್ನು ಈ ಗಾಳಿ ಮುಟ್ಟಿ, ತಾನೂ 16-17 ಡಿಗ್ರಿಗೆ ಇಳಿದಾಗ, ಆ 14 ಗ್ರಾಮೇ ಅದಕ್ಕೆ ತುಂಬು ಹೊರೆಯಾಗುತ್ತದೆ. ಇನ್ನಷ್ಟು ತಣಿದರೆ ಹೆಚ್ಚಾದುದು ನೀರಾಗಿ ಗೋಡೆಯ ಮೇಲೆ ಕೂರುತ್ತದೆ. ಬೆಳಗಿನ ಹುಲ್ಲಿನ ಮೇಲೆ ಇಬ್ಬನಿ ಕಾಣಿಸಿಕೊಳ್ಳುವುದೂ ಇದೇ ಕಾರಣದಿಂದ.

ಬೂಷ್ಟಿಗಾದರೋ ಇಬ್ಬನಿಯವರೆಗೂ ಕಾಯಬೇಕಾದ ಅಗತ್ಯವಿಲ್ಲ. ಗೋಡೆಗೆ ತಾಗಿದ ಗಾಳಿಯ ಆರ್ದ್ರತೆ ಶೇಕಡ 80ರಷ್ಟಾಗಿ ಕೆಲವು ದಿನ ಹಾಗೆಯೇ ನಿಂತರೆ ಅದಕ್ಕೆ ಸಾಕು. ಮೇಲೆ ಹೇಳಿದ ಕೋಣೆಯಲ್ಲಿ ಗೋಡೆಯು 20 ಡಿಗ್ರಿಗೆ ಇಳಿದರೇ ಆ ಸ್ಥಿತಿ ಒದಗುತ್ತದೆ! ಮುಟ್ಟಿದರೆ ಒಣಗಿರುವಂತೆಯೇ ತೋರುವ ಗೋಡೆ ಕಪ್ಪಾಗುವುದರ ಗುಟ್ಟು ಇದು. ಬೂಷ್ಟು ಶಿಲೀಂಧ್ರಗಳ ಗುಂಪಿಗೆ ಸೇರಿದ ಜೀವಿ. ಅದರ ಬೀಜಾಣುಗಳು ಎಲ್ಲೆಡೆಯ ಗಾಳಿಯಲ್ಲಿಯೂ ತೇಲುತ್ತಿರುತ್ತವೆ. ಅವುಗಳನ್ನು ಮನೆಯೊಳಗೆ ಬಾರದಂತೆ ತಡೆಯುವುದು ಆಗದ ಮಾತು. ತೇವ ಸಿಕ್ಕಿತೆಂದರೆ ಗೋಡೆಯ ಕಾಗದ, ಅಂಟು, ಧೂಳುಗಳನ್ನೇ ಆಹಾರ ಮಾಡಿಕೊಂಡು ಅವು ತಂತುಗಳನ್ನು ಹರಡುತ್ತವೆ. ಹಾವಿನ ಗೂಡನ್ನು ಹೊರಗೋಡೆಗೆ ಒತ್ತಿ ಇಟ್ಟಿದ್ದರೆ ಅದರ ಹಿಂಬದಿಗೆ ಕೋಣೆಯ ಶಾಖ ತಲಪದು, ಗಾಳಿಯೂ ಆಡದು. ಬೂಷ್ಟು ಮೊದಲು ಹುಟ್ಟುವುದು ಯಾರ ಕಣ್ಣಿಗೂ ಬೀಳದ ಆ ಸಂದಿಯಲ್ಲಿಯೇ.

ಇದು ಕೇವಲ ಅಂದಗೇಡಿನ ವಿಷಯವಾಗಿದ್ದರೆ ಇಷ್ಟು ವಿಚಾರ ಬೇಕಿರಲಿಲ್ಲ. 2020ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಬಾಡಿಗೆ ಮನೆಯೊಂದರಲ್ಲಿದ್ದ ಎರಡು ವರ್ಷದ ಮಗು ತೀರಿಕೊಂಡಿತು. ಬಹುಕಾಲ ಬೂಷ್ಟಿನ ನಡುವೆ ಬಾಳಿದುದರಿಂದ ಉಸಿರಾಟದ ತೀವ್ರ ತೊಂದರೆಯುಂಟಾಗಿ ಮಗು ಸತ್ತಿತೆಂದು 2022ರಲ್ಲಿ ಮರಣ ವಿಚಾರಣಾಧಿಕಾರಿ ನಿರ್ಣಯಿಸಿದರು. ಗೋಡೆಯ ಸ್ಥಿತಿಯನ್ನು ತಂದೆ ಮೊದಲೇ ದೂರಿಕೊಂಡಿದ್ದರು. ಅದರ ಮೇಲೆ ಬಣ್ಣ ಬಳಿಯಿರೆಂಬ ಸಲಹೆ ಅವರಿಗೆ ದೊರೆತಿತ್ತು. ಮಗುವಿನ ಹೆಸರಿನಿಂದಲೇ ಕರೆಯಲಾಗುವ ಕಾನೂನು 2023ರಲ್ಲಿ ಅಲ್ಲಿ ಅಂಗೀಕೃತವಾಯಿತು.

ಮನುಷ್ಯನಾದರೋ ಕೆಮ್ಮಿಯಾದರೂ ಕಫವನ್ನು ಹೊರಹಾಕಬಲ್ಲ. ಹಾವಿಗೆ ಮನುಷ್ಯನಿಗಿರುವಂತಹ ವಪೆ ಇಲ್ಲ; ಬಲವಾಗಿ ಕೆಮ್ಮಲು ಅದಕ್ಕೆ ಬಾರದು. ಶ್ವಾಸಕೋಶದಲ್ಲಿ ಸೇರಿದ ಲೋಳೆ ಅಲ್ಲಿಯೇ ನಿಲ್ಲುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನ ಹೊಳ್ಳೆಯಲ್ಲಿ ಗುಳ್ಳೆ ಕಾಣಿಸುವುದು, ತಲೆಯನ್ನು ಮೇಲೆತ್ತಿಯೇ ಇರುವುದು ರೋಗದ ಚಿಹ್ನೆಗಳು. ಹಾವಿಗೆ ಬರುವ ಇಂತಹ ರೋಗಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಗಳಿಂದ ಬರತಕ್ಕವು. ಎಲ್ಲವನ್ನೂ ಗೋಡೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಗೋಡೆಗೆ ಬೂಷ್ಟು ಹಿಡಿಸುವಷ್ಟು ತೇವ ಮತ್ತು ಆಡದ ಗಾಳಿ ಹಾವಿಗೂ ಒಗ್ಗವು. ಸದಾ ಒದ್ದೆಯಾದ ಹಾಸಿನ ಮೇಲೆ ಮಲಗಿದ ಹಾವಿನ ಹೊಟ್ಟೆಯ ಹುರುಪೆಗಳಲ್ಲಿ ಬೊಬ್ಬೆಗಳೇಳುತ್ತವೆ.

ಬೂಷ್ಟನ್ನು ಕಂಡೊಡನೆ ಬ್ಲೀಚಿನ ಸೀಸೆಗೆ ಕೈ ಹಾಕುವುದು ಹಲವರ ಅಭ್ಯಾಸ. ಹಾವು ಅದೇ ಕೋಣೆಯಲ್ಲಿರುವಾಗ ಹಾಗೆ ಮಾಡುವುದು ಕ್ರೂರತನವೇ ಸರಿ. ಅದರ ಘಾಟನ್ನು ತಪ್ಪಿಸಿಕೊಂಡು ಹೋಗಲು ಗೂಡಿನೊಳಗಿನ ಪ್ರಾಣಿಗೆ ದಾರಿಯಿಲ್ಲ. ಬ್ಲೀಚಿಗೆ ವಿನಿಗರನ್ನಾಗಲಿ ಅಮೋನಿಯವನ್ನಾಗಲಿ ಬೆರೆಸಿದರೆ ಏಳುವ ವಿಷಾನಿಲ ಮನುಷ್ಯರಿಗೂ ಮಾರಕ. ಅಲ್ಲದೆ ಗಾರೆಯಂತಹ ರಂಧ್ರಮಯ ವಸ್ತುವಿನ ಆಳಕ್ಕೆ ಇಳಿದ ತಂತುಗಳನ್ನು ಬ್ಲೀಚು ಮುಟ್ಟುವುದು ಕಷ್ಟ. ಸತ್ತ ಬೂಷ್ಟೂ ಕೆಲವರಿಗೆ ಒಗ್ಗದಿರುವುದರಿಂದ ಅದನ್ನು ಕೊಂದರೆ ಸಾಲದು, ತೆಗೆದುಹಾಕಬೇಕು.

ಆದುದರಿಂದ ಮೊದಲು ಪ್ರಾಣಿಗಳನ್ನು ಅಷ್ಟೇ ಬೆಚ್ಚಗಿನ ಬೇರೊಂದು ಕೋಣೆಗೆ ಸಾಗಿಸಬೇಕು. ಕೆಲಸ ಮಾಡುವವರು ಮೂಗುಬಾಯಿಗಳಿಗೆ ಮುಸುಕು, ಕೈಗೆ ಚೀಲ ಧರಿಸಬೇಕು. ಒಣಗಿದ ಬೂಷ್ಟನ್ನು ಹಾಗೆಯೇ ಉಜ್ಜಿದರೆ ಬೀಜಾಣುಗಳು ಕೋಣೆಯ ತುಂಬ ಹಾರುತ್ತವೆ. ಒದ್ದೆ ಬಟ್ಟೆಯಿಂದ ತೇವಮಾಡಿ, ಸಾಬೂನಿನ ನೀರಿನಿಂದ ತೊಳೆದು, ಗೋಡೆಯನ್ನು ಪೂರ್ತಿ ಒಣಗಿಸಬೇಕು. ಜಿಪ್ಸಮ್ ಹಲಗೆಯ ಒಳಕ್ಕೆ ಬೂಷ್ಟು ಇಳಿದಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯದೆ ಗತ್ಯಂತರವಿಲ್ಲ. ಸುಮಾರು 10 ಚದರ ಅಡಿಗಿಂತ ಕಡಮೆ ಜಾಗವಾದರೆ ಮನೆಯವರೇ ಶುಚಿಮಾಡಿಕೊಳ್ಳಬಹುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ.

ಇಷ್ಟಾದರೂ ತೇವದ ಮೂಲ ಹಾಗೆಯೇ ಇದ್ದರೆ ಬೂಷ್ಟು ಮರಳಿ ಬರುತ್ತದೆ. ಕೋಣೆಯನ್ನು ಒಣಗಿಸಹೊರಟರೆ ಹಾವಿನ ಪೊರೆ ಕೆಡುತ್ತದೆ. ಹಾವನ್ನು ನೆನೆದು ತೇವ ಹೆಚ್ಚಿಸಿದರೆ ಗೋಡೆ ಕೆಡುತ್ತದೆ. ಈ ತೊಡಕಿಗೆ ಪರಿಹಾರವು ತೇವವನ್ನು ಬೇಕಾದಲ್ಲಿ ಮಾತ್ರ ಹಿಡಿದಿಡುವುದರಲ್ಲಿದೆ. ಗೂಡಿನೊಳಗೆ ಒದ್ದೆ ಪಾಚಿ ತುಂಬಿದ, ಒಂದೇ ಕಂಡಿಯುಳ್ಳ ಮುಚ್ಚಿದ ಡಬ್ಬಿಯೊಂದನ್ನಿಟ್ಟರೆ ಪೊರೆ ಬಿಡುವ ಹೊತ್ತಿಗೆ ಹಾವು ತಾನಾಗಿ ಅದರೊಳಕ್ಕೆ ಹೋಗುತ್ತದೆ. ಆಗ ಗೂಡಿಗೆಲ್ಲ ನೀರೆರಚುವ ಪ್ರಮೇಯ ಬಾರದು. ಗೂಡನ್ನು ಹೊರಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿ ಗಾಳಿಗೆ ದಾರಿ ಮಾಡಬೇಕು. ಚಳಿಗಾಲದಲ್ಲಿ ಕಿಟಕಿ ತೆರೆದರೆ ತೇವ ಒಳಬರುವುದೆಂದು ಹಲವರು ಅಂಜುತ್ತಾರೆ. ವಾಸ್ತವವಾಗಿ 0 ಡಿಗ್ರಿಯ ಗಾಳಿ ಎಷ್ಟೇ ಮಂಜು ಕವಿದಂತೆ ಕಂಡರೂ ಅದರಲ್ಲಿರುವ ಆವಿ ಘನಮೀಟರಿಗೆ 5 ಗ್ರಾಮಿನಷ್ಟೇ. ಅದು ಒಳಬಂದು ಬೆಚ್ಚಗಾದಾಗ ಕೋಣೆ ಒಣಗುತ್ತದೆ. ಗೂಡುಗಳನ್ನು ಮುಚ್ಚಿಟ್ಟು, ದಿನಕ್ಕೆ ಸ್ವಲ್ಪ ಹೊತ್ತು ಹೀಗೆ ಗಾಳಿ ಬದಲಿಸಿದರೆ ಸಾಕು.

ಆರ್ದ್ರತಾಮಾಪಕಗಳು ಎರಡಿರಬೇಕು: ಒಂದು ಗೂಡಿನೊಳಗೆ, ಮತ್ತೊಂದು ಗೂಡಿನ ಹಿಂದೆ, ಗೋಡೆಯ ಬಳಿ. ಎರಡನೆಯದನ್ನು ನೋಡಲು ತಕ್ಕ ಸಮಯ ಬೆಳಗಿನ ಜಾವ. ಇರುಳೆಲ್ಲ ಚಳಿಯುಂಡ ಗೋಡೆ ಅತ್ಯಂತ ತಣ್ಣಗಿರುವುದು ಆಗಲೇ.