ಇಂದಿನ ಧಮ್ಮ ಚಿಂತನೆ: ಎಳೆಯುವ ಮುನ್ನ, ಯಾರು ಹಿಡಿದಿದ್ದಾರೆ ನೋಡೋಣ



ಇಂದಿನ ವಿಷಯ *ಅಪ್ಪಮಾದ*, ಅಂದರೆ ಎಚ್ಚರ ತಪ್ಪದಿರುವುದು. ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ನಮ್ಮ ಓಣಿಯ ಆಯಿಯೊಬ್ಬರು ತಮ್ಮ ಬಾಲ್ಯದ ಕಥೆ ಹೇಳಿದ್ದರು. ಊರ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು, ಯಾರಾದರೂ ನೀರು ಹಾಕಲಿ ಎಂದು ತಾಸುಗಟ್ಟಲೆ ಕಾದ ಕಥೆ. ಎರಡು ತಾಸು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬಳಗದ ಲಿನಕ್ಸ್ ಕಂಪ್ಯೂಟರಿಗೆ ಹಾಕಿ, ಮೊಬೈಲಿನಿಂದ ಅಳಿಸಿದೆ. ಮರುದಿನ ಅವರ ಮೊಮ್ಮಗಳಿಗೆ ಕೊಡಲು ಪೆನ್‌ಡ್ರೈವಿಗೆ *ಕಟ್* ಮಾಡಿ ಹಾಕಿದೆ. ಪರದೆಯ ಮೇಲೆ ಪಟ್ಟಿ ತುಂಬಿತು, ಮುಗಿಯಿತು ಎಂದಿತು. ಬಸ್ಸಿಗೆ ಹೊತ್ತಾಗಿತ್ತು, ಕಿತ್ತುಕೊಂಡು ಓಡಿದೆ. ಆ ಮನೆಯಲ್ಲಿ ಹಾಕಿ ನೋಡಿದರೆ ಫೈಲಿನ ಹೆಸರು ಮಾತ್ರ ಇತ್ತು, ಧ್ವನಿ ಇರಲಿಲ್ಲ.

ಆಯಿಯ ಮುಂದೆ ಹೋಗಿ "ನನ್ನ ಹಣೇಬರಹ" ಎಂದೆ. ಅವರು ತಟ್ಟನೆ, "ಹಣೇಬರಹ ಅನಬ್ಯಾಡೋ ತಮ್ಮಾ, ಜಗ್ಗಿದಾಂವ ನೀನು" ಎಂದರು.

ಅವರ ಮಾತೇ ಧಮ್ಮದ ಮಾತು. 1957ರಲ್ಲಿ, ಬಾಬಾಸಾಹೇಬರ ಪರಿನಿಬ್ಬಾಣದ ನಂತರ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ, ಹಿಂದಿನ ಜನ್ಮದ ಕರ್ಮದಿಂದ ಇಂದಿನ ಸ್ಥಿತಿ ಎಂಬ ವಾದವನ್ನು ಅವರು ಒಪ್ಪುವುದಿಲ್ಲ. ಫಲ ಇದ್ದರೆ ಕಾರಣ ಇದೆ. ಕಾರಣ ತಿಳಿದರೆ ತಿದ್ದಬಹುದು. ಹಾಗಾಗಿ ಕಾರಣ ಹುಡುಕಿದೆ.

*ಮೊದಲ ಕಾರಣ:* ಪೆನ್‌ಡ್ರೈವ್ ನಿಧಾನ. ಅದಕ್ಕೇ ಲಿನಕ್ಸ್ ನಮ್ಮ ಫೈಲನ್ನು ಮೊದಲು ತನ್ನ ರ‍್ಯಾಮಿನಲ್ಲಿ ಇಟ್ಟುಕೊಂಡು, ಆಮೇಲೆ ಸಾವಕಾಶವಾಗಿ ಬರೆಯುತ್ತದೆ. ಸಾಮಾನ್ಯವಾಗಿ ಸುಮಾರು 30 ಸೆಕೆಂಡು ಹಳೆಯದಾದ ಮೇಲೆ ಬರೆಯಲು ಹೊರಡುತ್ತದೆ. ದೊಡ್ಡ ಫೈಲಾದರೆ ಪೂರ್ತಿ ಬರೆಯಲು ನಿಮಿಷಗಳೇ ಬೇಕು. ಪಟ್ಟಿ ತುಂಬಿದ್ದು ರ‍್ಯಾಮಿಗೆ ತಲುಪಿದ ಲೆಕ್ಕ. ಅನ್‌ಮೌಂಟ್ ಮಾಡಿದಾಗ ಉಳಿದದ್ದೆಲ್ಲ ಬರೆದು ಮುಗಿಯುತ್ತದೆ. ನಾನು ಅದಕ್ಕೆ ಅವಕಾಶ ಕೊಡಲಿಲ್ಲ. ಕಟ್ ಮಾಡಿದ್ದರಿಂದ ಮೂಲವೂ ಹೋಯಿತು.

*ಎರಡನೆಯ ಪಾಠ* ಮುಂದಿನ ವಾರ ಸಿಕ್ಕಿತು. ಈ ಸಲ ಟರ್ಮಿನಲ್ಲಿನಲ್ಲಿ ಅನ್‌ಮೌಂಟ್ ಕೊಟ್ಟೆ. "ಟಾರ್ಗೆಟ್ ಈಸ್ ಬ್ಯುಸಿ" ಎಂದು ನಿರಾಕರಿಸಿತು. ಯಂತ್ರವನ್ನು ಬೈದೆ. ಆಮೇಲೆ ಎಲ್‌ಎಸ್‌ಒಎಫ್ ಎಂಬ ಆಜ್ಞೆ ಕೊಟ್ಟೆ. ಯಾವ ಪ್ರೋಗ್ರಾಂ ಯಾವ ಫೈಲನ್ನು ಹಿಡಿದಿದೆ ಎಂದು ಅದು ತೋರಿಸುತ್ತದೆ. ಹಿಡಿದಿದ್ದದ್ದು ನನ್ನದೇ ಟರ್ಮಿನಲ್! ಪೆನ್‌ಡ್ರೈವಿನ ಫೋಲ್ಡರಿನೊಳಗೇ ನಿಂತುಕೊಂಡು, ಬಿಡು ಬಿಡು ಎಂದು ಕೂಗುತ್ತಿದ್ದೆ. ಹೊರಗೆ ಬಂದೆ, ತಕ್ಷಣ ಬಿಟ್ಟಿತು.

ಇನ್ನೊಂದು ಅಡ್ಡದಾರಿಯೂ ಇದೆ: "ಲೇಜಿ" ಅನ್‌ಮೌಂಟ್. ಹೆಸರು ಕೂಡಲೇ ಮಾಯವಾಗುತ್ತದೆ, ಕೆಲಸ ಆಯಿತು ಅನ್ನಿಸುತ್ತದೆ. ಆದರೆ ತೆರೆದಿದ್ದ ಫೈಲು ತೆರೆದೇ ಇರುತ್ತದೆ, ಒಳಗಿನ ಹಿಡಿತ ಸಡಿಲವಾಗಿರುವುದಿಲ್ಲ.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ನಾನೂ ಗಟ್ಟಿ ದನಿಯಲ್ಲಿ ಹೇಳಿದವನು. ಮನೆಯ ಗೋಡೆಯಿಂದ ಹಳೆಯ ಪಟಗಳನ್ನು ತೆಗೆದವನು. ಆದರೆ ಮಗಳ ಮದುವೆಯ ತಾರೀಖು ಗೊತ್ತು ಮಾಡುವಾಗ, ಯಾರೂ ಇಲ್ಲದ್ದು ನೋಡಿ, ಅಂದು ಅಮಾವಾಸ್ಯೆ ಇದೆಯೇನೋ ಎಂದು ಕ್ಯಾಲೆಂಡರ್ ತಿರುವಿದವನೂ ನಾನೇ. ಹೆಸರು ತೆಗೆದಿದ್ದೆ, ಫೈಲು ಮುಚ್ಚಿರಲಿಲ್ಲ. ಧಮ್ಮ ಇದನ್ನು *ಉಪಾದಾನ*, ಅಂಟಿಕೊಳ್ಳುವಿಕೆ ಎನ್ನುತ್ತದೆ. ಬೈದರೆ ಅದು ಬಿಡುವುದಿಲ್ಲ. ಯಾವ ಭಯ ಹಿಡಿದಿದೆ ಎಂದು ನೋಡಿ, ಒಂದೊಂದಾಗಿ ಮುಚ್ಚಬೇಕು.

*ಬಳಗದ ಕಂಪ್ಯೂಟರ್ ಬಳಸುವವರಿಗೆ:*
✅ ಕಟ್ ಬೇಡ, ಕಾಪಿ ಮಾಡಿ.
✅ ಪೆನ್‌ಡ್ರೈವ್ ಹೆಸರಿನ ಪಕ್ಕದ ಎಜೆಕ್ಟ್ ಗುರುತು ಒತ್ತಿ. ತೆಗೆಯಬಹುದು ಎಂಬ ಸೂಚನೆ ಬರುವವರೆಗೆ ಕಾಯಿರಿ.
✅ ಬ್ಯುಸಿ ಎಂದರೆ ಕೀಳಬೇಡಿ. ತೆರೆದಿರುವ ಹಾಡು, ವಿಡಿಯೋ, ಫೈಲು, ಟರ್ಮಿನಲ್ ಮುಚ್ಚಿ ಮತ್ತೆ ಪ್ರಯತ್ನಿಸಿ.
✅ ತೆಗೆದು, ಮತ್ತೆ ಹಾಕಿ, ತೆರೆದು ನೋಡಿ. ಆಮೇಲಷ್ಟೇ ಮೂಲ ಅಳಿಸಿ.

ಆಯಿ ಎರಡನೇ ಸಲ ಕುಳಿತು ಕಥೆ ಹೇಳಿದರು. ಈಗ ಅದರ ಮೂರು ಪ್ರತಿಗಳಿವೆ. ಆದರೆ ಮೊದಲ ಸಲ ಅವರ ಅವ್ವ ಹಾಡುತ್ತಿದ್ದ ಬೀಸುವ ಪದವೊಂದನ್ನು ಹಾಡಿದ್ದರು. ಈ ಸಲ ಅದು ನೆನಪಿಗೆ ಬರಲಿಲ್ಲ. ನನ್ನ ಅರ್ಧ ನಿಮಿಷದ ಅವಸರಕ್ಕೆ ತೆತ್ತದ್ದು ಆ ಪದ.

ಬುದ್ಧರು ಕೊನೆಗೆ ಹೇಳಿದ್ದೂ ಅಪ್ಪಮಾದದ ಮಾತನ್ನೇ. ಇಂದು ಧ್ಯಾನಕ್ಕೆ ಕುಳಿತಾಗ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: *ಬಿಟ್ಟೆ ಎಂದುಕೊಂಡಿರುವ ಯಾವುದು ನನ್ನೊಳಗೆ ಇನ್ನೂ ತೆರೆದಿದೆ?*

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 💙